ದ್ವೀಪಕ್ಕೆ ಹಿತ್ತಿಲಿಲ್ಲ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ವಾಸ್ಕಿ ಸರೋವರದ ದಂಡೆಯಲ್ಲಿ ಮುತ್ತು ಸಿಗುವುದಿಲ್ಲ, ಮಾತು ಅದಕ್ಕಿಂತಲೂ ಕಡಿಮೆ ಸಿಗುತ್ತದೆ. ಅಲ್ಲಿಯ ಜನ ಬೆಳಿಗ್ಗೆ ಒಂದು ಮಾತು ಆಡಿದರೆ ಸಂಜೆಯವರೆಗೆ ಅದರಲ್ಲೇ ಸಂಸಾರ ತೂಗಿಸುತ್ತಾರೆ. ಹೀಗೆ ಅಳೆದು ಸುರಿದು ಆಡುವವರಾದ್ದರಿಂದ, ಯಾರಾದರೂ ಏನಾದರೂ ಅಂದರೆ ಅದನ್ನು ಶಿಲಾಶಾಸನದಂತೆ ನಂಬಿಬಿಡುತ್ತಾರೆ. ಬಾಯಿ ತಪ್ಪಿ ಅಂದೆ, ತಮಾಷೆಗೆ ಅಂದೆ ಎಂಬ ಸವಲತ್ತು ಆ ಕಡೆ ಯಾರಿಗೂ ಇಲ್ಲ. ಇಂಥ ಊರಿಗೆ ತೌನೋನಂಥ ಬಾಯಿಬಡುಕ ಅಳಿಯನಾಗಿ ಬಂದದ್ದು ಊರಿನ ತಪ್ಪೂ ಅಲ್ಲ, ಅವನ ತಪ್ಪೂ ಅಲ್ಲ. ಮದುವೆ ಎಂಬುದು ಎಲ್ಲ ದೇಶಗಳಲ್ಲೂ ಹೀಗೆಯೇ.

ತೌನೋ ಹೆಲ್ಸಿಂಕಿಯವನು. ಜನ ಟ್ರಾಮಿನಲ್ಲಿ ಮರೆತು ಬಿಟ್ಟುಹೋದ ಕೊಡೆ, ಕೈಗವುಸು, ಹಲ್ಲಿನ ಸೆಟ್ಟುಗಳನ್ನು ಕಾಪಾಡುವ ಕಚೇರಿಯಲ್ಲಿ ಗುಮಾಸ್ತ. ಐವತ್ತರ ಹೊಸ್ತಿಲಲ್ಲಿದ್ದ, ಹೊಟ್ಟೆ ಮಾತ್ರ ಆಗಲೇ ಹೊಸ್ತಿಲು ದಾಟಿತ್ತು. ಪ್ರತಿ ಬೇಸಿಗೆಯಲ್ಲೂ ಹೆಂಡತಿ ಐರಾಳ ತವರಿಗೆ, ಸರೋವರದ ದಂಡೆಯ ಮರದ ಮನೆಗೆ ಬರುತ್ತಿದ್ದ. ಬಂದ ಅಳಿಯನಿಗೆ ಅಲ್ಲಿ ಒಂದೇ ಕೆಲಸ: ಸೌನಾ ಎಂಬ ಬಿಸಿ ಹಬೆಯ ಸ್ನಾನದ ಒಲೆಗೆ ಸೌದೆ ಹೊತ್ತು ಹಾಕುವುದು, ಹೊತ್ತದ್ದು ಸರಿಯಾಗಲಿಲ್ಲ ಅಂತ ಅನ್ನಿಸಿಕೊಳ್ಳುವುದು.

ಅನ್ನುತ್ತಿದ್ದವರು ಮಾವ ಈಸಕ್ಕಿ. ಎಂಬತ್ತರ ಸಮೀಪದ ಮುದುಕ. ನೆಲದ ಮೇಲೆ ನಡೆಯುವಾಗ ಕುಂಟುತ್ತಿದ್ದರು, ದೋಣಿಯಲ್ಲಿ ಕೂತರೆ ಮದುಮಗನಂತೆ ಕಾಣುತ್ತಿದ್ದರು. ಶರತ್ಕಾಲದಲ್ಲಿ ಬೆರಳುದ್ದದ ಬೆಳ್ಳಿ ಮೀನಿಗೆ ಬಲೆ ಹಾಕುವುದು ಅವರ ಪಾಲಿಗೆ ಪೂಜೆಗೆ ಸಮ. ಆ ದೋಣಿಗೆ ಕಾಲಿಡುವ ಭಾಗ್ಯ ಅಳಿಯನಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ತೌನೋನಿಗೆ ಸಂಬಳ ಹೆಚ್ಚಾಗಬೇಕೆಂಬ ಆಸೆಯಿರಲಿಲ್ಲ, ಹೊಟ್ಟೆ ಕರಗಬೇಕೆಂಬ ಆಸೆಯೂ ಇರಲಿಲ್ಲ. ಮಾವನ ದೋಣಿಯಲ್ಲಿ ಒಂದು ಸಲ ಕೂರಬೇಕೆಂಬ ಆಸೆ ಮಾತ್ರ ಬಹಳ ಇತ್ತು.

ಆ ವರ್ಷ ನಡುಬೇಸಿಗೆಯ ಹಬ್ಬದ ದಿನ ದಂಡೆಯಲ್ಲಿ ಬೆಂಕಿ ಹಾಕಿ ಎಲ್ಲರೂ ಸುತ್ತ ಕೂತು ಸಾಸೇಜ್ ಸುಡುತ್ತಿದ್ದಾಗ ಮುದುಕ ಭುಜ ಉಜ್ಜಿಕೊಳ್ಳುತ್ತ ಹೇಳಿದರು:

"ಭುಜ ಹೋಯ್ತು. ಈ ಸಲ ಬಲೆಗೆ ಇನ್ನೊಬ್ಬ ಬೇಕು."

ಅವರ ಕಣ್ಣು ಪಕ್ಕದ ಮನೆಯ ಕೌಕೋನ ಮೇಲೆ ನಿಂತಿತು. ಕೌಕೋನ ನಾಯಿಯ ಮೇಲೂ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತೌನೋನನ್ನು ದಾಟಿ ಅವನ ಹಿಂದಿದ್ದ ಬರ್ಚ್ ಮರದ ಮೇಲೆ ಹೋಗಿ ನಿಂತಿತು. ನಾಯಿಗೂ ಮರಕ್ಕೂ ಸಿಕ್ಕ ಮರ್ಯಾದೆ ತನಗೆ ಸಿಗಲಿಲ್ಲವಲ್ಲ ಎಂದು ತೌನೋನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಬಾಯಲ್ಲಿ ಸಾಸೇಜ್ ಇದ್ದದ್ದನ್ನೂ ಲೆಕ್ಕಿಸದೆ ಅಂದುಬಿಟ್ಟ:

"ಜುಲೈನಲ್ಲಿ ನಾನು ಕಯಾಕ್ ಹತ್ತಿ ಸರೋವರ ಪೂರ್ತಿ ಸುತ್ತಿ ಬರ್ತೀನಿ. ನಾಲ್ಕು ದಿನ, ಒಬ್ಬನೇ. ಡೇರೆಯಲ್ಲಿ ಮಲಗೋದು, ಮೀನು ಹಿಡಿದು ತಿನ್ನೋದು."

ಹೆಲ್ಸಿಂಕಿಯಲ್ಲಾಗಿದ್ದರೆ ಯಾರಾದರೂ "ನೀನಾ? ಸ್ನಾನದ ತೊಟ್ಟಿಯಲ್ಲಿ ಸುತ್ತಿ ಬಾ" ಅಂದು ಅವನನ್ನು ಉಳಿಸುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ. ಐರಾ ಸುಡುತ್ತಿದ್ದ ಸಾಸೇಜ್ ಬೆಂಕಿಗೆ ಬಿತ್ತು, ಅಷ್ಟೇ. ಅತ್ತೆ ಸೈಮಿ ಕಾಲುಚೀಲ ಹೆಣೆಯುವುದನ್ನು ನಿಲ್ಲಿಸಿ ಅಳಿಯನ ಪಾದಗಳ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡರು. ಮಾವ ಬೆಂಕಿಯನ್ನು ನೋಡುತ್ತ "ಹ್ಞೂ" ಅಂದರು.

ಆ "ಹ್ಞೂ" ಸರ್ಕಾರದ ಮೊಹರಿಗೆ ಸಮ. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ತೌನೋ ಕಣ್ಣು ಬಿಡುವ ಹೊತ್ತಿಗೆ ಅಂಗಳದಲ್ಲಿ ಕೆಂಪು ಕಯಾಕ್ ಬಿದ್ದಿತ್ತು. ಬಾಳೆಕಾಯಿಯಷ್ಟು ಸಪೂರ, ನಡುವೆ ಒಂದು ತೂತು. ಆ ತೂತಿನಲ್ಲಿ ಕಾಲು ನೀಡಿ, ಸೊಂಟದವರೆಗೆ ಇಳಿದು ಕೂರಬೇಕು. ಪಕ್ಕದಲ್ಲಿ ಕೌಕೋ ನಿಂತಿದ್ದ.

"ನನ್ನದೇ. ತಗೋ," ಅಂದ ಕೌಕೋ.

"ಅಯ್ಯೋ, ಬೇಡ ಮಾರಾಯ. ನಿನ್ನ ವಸ್ತು ನಾನ್ಯಾಕೆ ಹಾಳು ಮಾಡ್ಲಿ? ಮುಂದಿನ ವರ್ಷ ನಿಧಾನಕ್ಕೆ ನೋಡಿ ಒಂದು ಕೊಂಡ್ಕೋತೀನಿ."

"ಜುಲೈ ಅಂದ್ಯಲ್ಲ."

"ಅಂದೆ."

"ಹಾಗಾದ್ರೆ ತಗೋ," ಅಂದು ಕೌಕೋ ಹೊರಟುಹೋದ. ಇಡೀ ವರ್ಷದಲ್ಲಿ ಕೌಕೋ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು ಎಂದು ಅತ್ತೆ ಸಂತೋಷಪಟ್ಟರು.

ಸಿದ್ಧತೆ ಶುರುವಾಯಿತು. ಅತ್ತೆ ಉಣ್ಣೆಯ ಕಾಲುಚೀಲ ಹೆಣೆದರು, ಉಣ್ಣೆಯ ಟೋಪಿ ಹೆಣೆದರು, ಬೇಸಿಗೆಯ ನೀರೂ ಮೋಸ ಮಾಡುತ್ತದೆ ಎಂದು ಉಣ್ಣೆಯ ಒಳಚಡ್ಡಿಯನ್ನೂ ಹೆಣೆದರು. ಅದೂ ಕಿತ್ತಳೆ ಬಣ್ಣದಲ್ಲಿ, ಮುಳುಗಿದರೆ ದೂರದಿಂದ ಕಾಣಲಿ ಎಂದು. ಮಾವ ಒಂದು ಮಾತನ್ನೂ ಆಡದೆ ತಮ್ಮ ತಂದೆಯ ಕಾಲದ ಮೀನು ಸೀಳುವ ಚಾಕುವನ್ನು ಮಸೆದು ಅಳಿಯನ ತಟ್ಟೆಯ ಪಕ್ಕ ಇಟ್ಟುಹೋದರು. ತೌನೋ ಜನ್ಮದಲ್ಲಿ ಮೀನು ಸೀಳಿದವನಲ್ಲ. ಕಣ್ಣು ಬಿಟ್ಟುಕೊಂಡ ಮೀನನ್ನು ಕಂಡರೆ ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿ ಅವನಿಗೆ ಬೆವರು ಬರುತ್ತಿತ್ತು.

ಹಾಗಾಗಿ ಡಬ್ಬಿ ಊಟವೇ ಗತಿ ಎಂದು ಊರಿನ ಒಂದೇ ಅಂಗಡಿಗೆ ಹೋದ. ಅಂಗಡಿಯ ಹೆಲ್ಮಿ ದೊಡ್ಡ ಹೆಂಗಸು, ಗಟ್ಟಿ ಹೆಂಗಸು. ಸರೋವರದಲ್ಲಿ ಮುಳುಗುವವರನ್ನು ಎತ್ತುವ ಸಂಘಕ್ಕೂ ಅವಳೇ ಅಧ್ಯಕ್ಷೆ. ತೌನೋ ತಂದಿಟ್ಟ ಬಟಾಣಿ ಸಾರಿನ ಡಬ್ಬಿಗಳ ಗೋಪುರವನ್ನು ಅವಳು ಮರುಕದಿಂದ ನೋಡಿದಳು.

"ಇದು ಯಾರಿಗೆ?"

"ಅದು... ದಾರಿಗೆ. ಮೀನು ಸಿಗದಿದ್ರೆ ಅಂತ..."

"ವಾಸ್ಕಿಯಲ್ಲಿ ಮೀನು ಸಿಗದಿದ್ರೆ?" ಹೆಲ್ಮಿಯ ದನಿ ಅಂಗಡಿಯ ಆ ತುದಿಗೂ ಕೇಳಿಸಿತು. ರೊಟ್ಟಿ ಆರಿಸುತ್ತಿದ್ದ ಇಬ್ಬರು ಮುದುಕರು ತಿರುಗಿ ನೋಡಿದರು. "ಈಸಕ್ಕಿಯ ಅಳಿಯ ನೀನು! ಈ ಡಬ್ಬಿ ಹೊತ್ಕೊಂಡು ಹೋದ್ರೆ ಜನ ನಿನ್ನ ಮಾವನಿಗೆ ಏನಂತಾರೆ? ನಾನು ಕೊಡಲ್ಲ. ಇಗೋ, ಉಪ್ಪು ತಗೋ. ಮೀನಿಗೆ ಉಪ್ಪು ಬೇಕಾಗುತ್ತೆ."

ತೌನೋ ಉಪ್ಪು ತಂದ. ನಾಲ್ಕು ದಿನದ ಪ್ರವಾಸಕ್ಕೆ ಅವನ ಹತ್ತಿರ ಈಗ ಉಪ್ಪು, ಚಾಕು, ಒಳಚಡ್ಡಿ ಸಿದ್ಧವಾಗಿದ್ದವು.

ಇನ್ನು ಉಳಿದದ್ದು ಕಯಾಕ್ ನಡೆಸುವುದನ್ನು ಕಲಿಯುವುದು. ಯಾರ ಕಣ್ಣಿಗೂ ಬೀಳಬಾರದೆಂದು ಅದನ್ನು ಸೌದೆ ಕೊಟ್ಟಿಗೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಒಳಗೆ ಕೂತ. ಕೂರುವುದು ಸುಲಭವಾಗಿಯೇ ಆಯಿತು, ಭೂಮಿಯ ಆಕರ್ಷಣೆ ಸಹಾಯ ಮಾಡಿತು. ಏಳಲು ಹೋದರೆ ಕಯಾಕ್ ಕೂಡ ಅವನ ಜೊತೆಗೇ ಎದ್ದಿತು. ಹೊಟ್ಟೆ ಬಿರಡೆಯ ಹಾಗೆ ತೂತಿಗೆ ಕಚ್ಚಿಕೊಂಡಿತ್ತು. ಅತ್ತ ಹೊರಳಿದ, ಇತ್ತ ಹೊರಳಿದ, ಸೌದೆ ರಾಶಿಯನ್ನು ಮೈಮೇಲೆ ಕೆಡವಿಕೊಂಡ. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೆಲ್ಮಿ ನಕ್ಷೆ ಹಿಡಿದು ನಿಂತಿದ್ದಳು.

ನೆಲದ ಮೇಲೆ, ಸೌದೆಯ ನಡುವೆ, ಕಯಾಕ್‌ನಲ್ಲಿ ಕೂತ ಮನುಷ್ಯನಿಗೆ ಗಾಂಭೀರ್ಯ ಬಿಟ್ಟರೆ ಬೇರೆ ಆಸರೆಯಿಲ್ಲ. ತೌನೋ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು "ಬನ್ನಿ, ಬನ್ನಿ. ಯೋಚನೆ ಮಾಡ್ತಾ ಕೂತಿದ್ದೆ" ಅಂದ.

"ದೋಣಿಯಲ್ಲಿ ಕೂತೇ ಯೋಚನೆ ಮಾಡ್ತೀಯಾ!" ಹೆಲ್ಮಿಯ ಕಣ್ಣು ಅರಳಿತು. "ಹಳಬರು ಹಾಗೇ ಮಾಡ್ತಿದ್ರಂತೆ. ಹೇಳು, ಯಾವ ದಾರಿ? ನಮ್ಮ ಸಂಘಕ್ಕೆ ಗೊತ್ತಿರಬೇಕು. ಉತ್ತರದ ಕಡೆಯಿಂದ ಸುತ್ತುತ್ತೀಯಾ?"

"ಹ್ಞೂ, ಉತ್ತರ."

"ಕರಡಿ ಮೂತಿ ಬಂಡೆ ದಾಟಿ? ಅಲ್ಲಿ ಗಾಳಿ ಎದುರಿಗೇ ಹೊಡೆಯುತ್ತೆ."

"ಗಾಳಿ ಇಲ್ಲದಿದ್ರೆ ನನಗೆ ಬೇಜಾರು," ಅಂದ ತೌನೋ. ಅವಳು ಬೇಗ ಹೋದರೆ ಸಾಕಾಗಿತ್ತು. ಕಾಲು ಮರಗಟ್ಟಿತ್ತು.

ಅವಳು ಕೇಳಿದ್ದಕ್ಕೆಲ್ಲ ಹ್ಞೂಗುಟ್ಟಿದ. ಹೀಗೆ ಸೌದೆ ಕೊಟ್ಟಿಗೆಯಲ್ಲಿ ಕೂತಲ್ಲೇ ಅವನು ಊರಿನ ಗಂಡಸರು ಹೋಗಲು ಹಿಂಜರಿಯುವ ಎಲ್ಲ ಬಂಡೆಗಳನ್ನೂ ದಾಟಿ, ಎಲ್ಲ ಸುಳಿಗಳನ್ನೂ ಗೆದ್ದು ಬಂದ. ಸಂಜೆಯ ಹೊತ್ತಿಗೆ ಸುದ್ದಿ ದಂಡೆಯ ಮನೆಮನೆಗೂ ಹರಡಿತು. ಐರಾ ಕೊಟ್ಟಿಗೆಗೆ ಬಂದು, ಗಂಡನ ಕಂಕುಳಿಗೆ ಎರಡೂ ಕೈ ಹಾಕಿ, ಕಾಲಿನಿಂದ ಕಯಾಕನ್ನು ಒತ್ತಿ ಹಿಡಿದು ಎಳೆದಳು. ಬಾಟಲಿಯ ಬಿರಡೆ ಬಿಚ್ಚಿದಂಥ ಶಬ್ದ ಬಂತು.

"ಬೇಡ ಅನ್ಸಿದ್ರೆ ಬೇಡ ಅಂತ ಹೇಳಿಬಿಡು," ಅಂದಳು. "ಒಂದು ಮಾತು. ಅಪ್ಪ ಏನೂ ಅನ್ನಲ್ಲ."

"ಏನೂ ಅನ್ನಲ್ಲ, ಅದೇ ಕಷ್ಟ. ಬರ್ಚ್ ಮರ ನೋಡ್ತಾರೆ."

"ಭಯ ಆಗ್ತಿದ್ಯಾ?"

"ಭಯಾನಾ? ನನಗಾ?" ಅಂದ ತೌನೋ. ಬೆನ್ನಿಗೆ ಅಂಟಿದ್ದ ಸೌದೆ ಚಕ್ಕೆಗಳನ್ನು ಐರಾ ಒಂದೊಂದಾಗಿ ಕಿತ್ತಳು.

ಹೊರಡುವ ದಿನ, ದೋಣಿ ಕಟ್ಟಲು ನೀರಿಗೆ ಚಾಚಿದ್ದ ಹಲಗೆಯ ಕಟ್ಟೆಯ ಮೇಲೆ ಜನ ನೆರೆದರು. ಯಾರೂ ಜೈಕಾರ ಹಾಕಲಿಲ್ಲ. ಎಲ್ಲರೂ ಟೋಪಿ ತೆಗೆದು ಮೌನವಾಗಿ ನಿಂತರು. ಹೊರಟವನಿಗೆ ಅದು ಬೀಳ್ಕೊಡುಗೆಗಿಂತ ಶವಸಂಸ್ಕಾರದ ಹಾಗೆ ಕಂಡಿತು. ಕೌಕೋ ಕಯಾಕನ್ನು ನೀರಿಗೆ ತಳ್ಳಿದ. ಅದು ತೌನೋನ ಹುಟ್ಟಿನ ಮಾತು ಕೇಳದೆ, ಗಾಳಿಯ ಮಾತು ಕೇಳಿಕೊಂಡು, ಅಡ್ಡಡ್ಡ ಸಾಗುತ್ತ ಎದುರಿನ ಪುಟ್ಟ ದ್ವೀಪದ ಆಚೆ ಮರೆಯಾಯಿತು.

ಮರೆಯಾದದ್ದೇ ದಡಕ್ಕೆ ಬಡಿದು ಮಗುಚಿತು. ನೀರು ಮೊಳಕಾಲುದ್ದ. ಮಗುಚಿದ ರಭಸಕ್ಕೆ ತೂತಿನಿಂದ ಕಳಚಿಬಿದ್ದ ತೌನೋ ಅದರಲ್ಲಿ ಮುಳುಗಿ, ಎದ್ದು, ತಾನು ಬದುಕಿರುವುದನ್ನು ಕಂಡು ಬಂಡೆಯ ಮೇಲೆ ಕೂತ. ಹತ್ತು ಪೈನ್ ಮರ, ನಾಲ್ಕು ಬಂಡೆ, ಒಂದು ಮುಂಗೋಪಿ ಕಡಲಹಕ್ಕಿ, ಇಷ್ಟೇ ಆ ದ್ವೀಪ. ಅತ್ತೆಯ ಒಲೆಯಿಂದ ದಾಲ್ಚಿನ್ನಿ ಬನ್ನಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಮುಂದೆ ನೋಡಿದರೆ ಕೊನೆಯಿಲ್ಲದ ನೀರು, ಅದರ ಮೇಲೆ ಬಿಳಿ ನೊರೆ. ನಾಲ್ಕು ದಿನ ಇಲ್ಲೇ ಕೂತಿದ್ದು, ಆಮೇಲೆ ಸುತ್ತಿ ಬಂದೆ ಅಂದರೆ ಯಾರಿಗೆ ಗೊತ್ತಾಗುತ್ತದೆ ಎಂದು ಅವನಿಗೆ ಅನ್ನಿಸಿತು. ಈ ಯೋಚನೆ ಬಂದದ್ದೇ ಮನಸ್ಸು ಹಗುರವಾಯಿತು. ಒದ್ದೆ ಬಟ್ಟೆಗಳನ್ನು ಕೊಂಬೆಗೆ ಹರವಿದ, ಕಿತ್ತಳೆ ಒಳಚಡ್ಡಿಯನ್ನು ಎಲ್ಲಕ್ಕಿಂತ ಮೇಲೆ.

ಡೇರೆ ಎದ್ದು ನಿಲ್ಲಲಿಲ್ಲ. ಅದನ್ನೇ ಹೊದ್ದು ಮಲಗಿದ. ಬೆಂಕಿ ಹೊತ್ತಲಿಲ್ಲ, ಹೊಗೆ ಮಾತ್ರ ಯಥೇಚ್ಛವಾಗಿ ಎದ್ದಿತು. ಕಾಡಿನ ಹಣ್ಣು ಕಿತ್ತು ಉಪ್ಪು ಹಾಕಿಕೊಂಡು ತಿಂದ.

ಎರಡನೆಯ ದಿನ ಕೌಕೋನ ಮೋಟಾರು ದೋಣಿ ದ್ವೀಪದ ಪಕ್ಕದಲ್ಲೇ ಹಾದುಹೋಯಿತು. ತೌನೋ ಬಂಡೆಯ ಹಿಂದೆ ಅವಿತು ಇಣುಕಿದ. ಕೌಕೋ ಈ ಕಡೆ ನೋಡಲೇ ಇಲ್ಲ, ಅವನ ಕತ್ತು ಪೂರ್ತಿ ಆಚೆ ದಡದ ಕಡೆಗಿತ್ತು. ದೇವರು ದೊಡ್ಡವನು ಎಂದುಕೊಂಡ ತೌನೋ. ಮಧ್ಯಾಹ್ನ ಹೆಲ್ಮಿಯ ಸಂಘದ ದೋಣಿ ಬಂತು. ದ್ವೀಪದ ಹತ್ತಿರ ನಿಧಾನ ಮಾಡಿದಳು, ಆದರೆ ಅವಳ ಕತ್ತೂ ಆಚೆಗೇ ತಿರುಗಿತ್ತು, ಸೆಳೆತ ಹಿಡಿದ ಹಾಗೆ. ಸಂಜೆ, ಹಿಂದಿನ ಕಾಲದಲ್ಲಿ ಊರಿಗೆ ಊರೇ ಚರ್ಚಿಗೆ ಹೋಗುತ್ತಿದ್ದ, ಈಗ ಪಂದ್ಯದ ಅಭ್ಯಾಸಕ್ಕೆ ಬಳಸುವ ಉದ್ದನೆಯ ಚರ್ಚ್ ದೋಣಿ ಬಂತು. ಸಾಲಾಗಿ ಕೂತು ಹುಟ್ಟು ಹಾಕುತ್ತಿದ್ದವರೆಲ್ಲ, ದ್ವೀಪದ ಎದುರಿಗೆ ಬಂದದ್ದೇ, ಕವಾಯತಿನಲ್ಲಿ ತಿರುಗಿದ ಹಾಗೆ ಒಟ್ಟಿಗೆ ಮುಖ ಆಚೆಗೆ ತಿರುಗಿಸಿದರು. ದಾಟಿದ ಮೇಲೆ ಒಟ್ಟಿಗೆ ನೇರ ಮಾಡಿಕೊಂಡರು.

ಆಗ ತೌನೋನಿಗೆ ಏನೋ ಅನುಮಾನ ಬಂತು. ಸರೋವರದ ದಂಡೆಯಲ್ಲಿ ಎಲ್ಲ ಮನೆಗೂ ಸೌನಾ ಇದೆ. ಬೆವರಿ ಕೆಂಪಾದವರು ಹುಟ್ಟುಡುಗೆಯಲ್ಲೇ ಓಡಿಬಂದು ನೀರಿಗೆ ಹಾರುತ್ತಾರೆ. ಆಗ ಪಕ್ಕದಲ್ಲಿ ದೋಣಿ ಬಂದರೆ, ದೋಣಿಯಲ್ಲಿದ್ದವರು ಮುಖವನ್ನು ಎದುರು ದಡಕ್ಕೆ ತಿರುಗಿಸಿಕೊಂಡು ಹೋಗುತ್ತಾರೆ. ನೋಡಲಿಲ್ಲ ಅಂದರೆ ಬೆತ್ತಲೆ ಇದ್ದವರು ಅಲ್ಲಿರಲೇ ಇಲ್ಲ ಅಂತ ಅರ್ಥ. ಮುತ್ತಜ್ಜನ ಕಾಲದಿಂದ ಬಂದ ಮರ್ಯಾದೆ ಅದು. ತೌನೋ ಬಗ್ಗಿ ತನ್ನನ್ನು ನೋಡಿಕೊಂಡ. ಪ್ಯಾಂಟು ಇತ್ತು, ಗುಂಡಿಯೂ ಹಾಕಿತ್ತು.

ಅಂದಮೇಲೆ ಅವರು ಮುಖ ತಿರುಗಿಸಿದ್ದು ಬೇರೆ ಬೆತ್ತಲೆಗೆ.

ಮೈಯೆಲ್ಲ ಬೆಂಕಿಯಾಯಿತು. ಓಡಿಹೋಗಿ ಚಡ್ಡಿ ಎಳೆದ, ಡೇರೆ ಮಡಚಿದ, ಕಯಾಕಿನ ಮೇಲೆ ಕೊಂಬೆ ಮುಚ್ಚಿದ. ಎಲ್ಲವನ್ನೂ ದ್ವೀಪದ ಈ ಮಗ್ಗುಲಿಗೆ ಸಾಗಿಸಿದರೆ ಎದುರಿಗೆ ಮಾವನ ಮನೆ, ಅತ್ತೆ ಬಟ್ಟೆ ಒಣಹಾಕುತ್ತಿರುವುದು ಕಾಣುತ್ತಿತ್ತು. ಅವರು ಹಗ್ಗ ಬಿಟ್ಟು ಸರಕ್ಕನೆ ಬೆನ್ನು ತಿರುಗಿಸಿದರು. ಆ ಮಗ್ಗುಲಿಗೆ ಓಡಿದರೆ ಅಲ್ಲಿ ಕೌಕೋ ಬಲೆ ಎತ್ತುತ್ತಿದ್ದ, ಅವನೂ ಬೆನ್ನು ತಿರುಗಿಸಿದ. ಮನೆಗೆ ಹಿತ್ತಿಲಿರುತ್ತದೆ, ಊರಿಗೆ ಹಿಂಬದಿಯಿರುತ್ತದೆ. ದ್ವೀಪಕ್ಕೆ ಮಾತ್ರ ಸುತ್ತ ಮುಂಬಾಗಿಲೇ ಎಂಬ ಭೂಗೋಳದ ಸಣ್ಣ ಸತ್ಯವನ್ನು ತೌನೋ ಬಹಳ ತಡವಾಗಿ ಕಲಿತ. ನಕ್ಕು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಊರಿಗೆ ಊರೇ ಕತ್ತು ನೋಯಿಸಿಕೊಂಡು ತನ್ನ ಮಾನ ಕಾಯುತ್ತಿದೆಯಲ್ಲ ಎಂದು ಅವನು ನಾಚಿ ಮುದುಡಿಹೋದ.

ಮೂರನೆಯ ದಿನ ಮಾವನೇ ಬಂದರು. ಹುಟ್ಟು ಹಾಕುವವನ ಬೆನ್ನು ಹೋಗುವ ದಿಕ್ಕಿಗಿರುತ್ತದೆ, ಹಾಗಾಗಿ ಬರುವವರೆಗೆ ತೊಂದರೆಯಾಗಲಿಲ್ಲ. ದೋಣಿ ಬಂಡೆಗೆ ತಾಗಿತು. ತೌನೋ ಮರದ ಹಿಂದೆ ನಿಂತ, ಮರ ಅವನ ಮುಕ್ಕಾಲು ಭಾಗವನ್ನು ಹೊರಗೇ ಬಿಟ್ಟಿತ್ತು. ಮುದುಕ ತಿರುಗಲಿಲ್ಲ. ಮೊಸಳೆ ಮೂತಿಯ ದೊಡ್ಡ ಮೀನೊಂದನ್ನು ಹೆಗಲ ಮೇಲಿಂದ ಹಿಂದಕ್ಕೆಸೆದರು. ಅದು ಬಂಡೆಯ ಮೇಲೆ ದೊಪ್ಪೆಂದು ಬಿತ್ತು.

"ಇಲ್ಲಿ ಯಾರೂ ಇಲ್ಲ," ಅಂದರು ಮುದುಕ, ನೀರಿಗೆ. "ಇದ್ದಿದ್ರೆ ಹೇಳ್ತಿದ್ದೆ. ನಾಳೆ ಕಟ್ಟೆ ಮೇಲೆ ಕಾಫಿಗೆ ಕರೆದಿದ್ದಾಳೆ ಸೈಮಿ. ಬರೋನು ಉತ್ತರದ ಕಡೆಯಿಂದ ಸುತ್ತಿ ಬರಬೇಕು."

"ಮಾವ..." ಅಂದ ತೌನೋ.

"ಗಾಳಿ ಸದ್ದು," ಅಂದುಕೊಂಡರು ಮುದುಕ.

ವಾಪಸು ಹೋಗುವಾಗ ಮುಖ ದ್ವೀಪದ ಕಡೆಗೇ ಆಗಬೇಕಲ್ಲ! ಈಸಕ್ಕಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹುಟ್ಟು ಹಾಕಿದರು. ಹುಟ್ಟಿದಾಗಿನಿಂದ ಆ ನೀರಿನಲ್ಲಿ ಒಮ್ಮೆಯೂ ಕಲ್ಲಿಗೆ ತಾಗದ ಅವರ ದೋಣಿ ಅಂದು ಎರಡು ಕಡೆ ತಾಗಿತು. ಆದರೂ ಕಣ್ಣು ತೆರೆಯಲಿಲ್ಲ. ಮರದ ಹಿಂದೆ ನಿಂತ ತೌನೋ ಇದನ್ನು ನೋಡಲಾರದೆ ಟೋಪಿಯಲ್ಲಿ ಮುಖ ಮುಚ್ಚಿಕೊಂಡ.

ಮರುದಿನ ಹೇಳಿದ ಹಾಗೆ ಉತ್ತರದ ಕಡೆಯಿಂದ ಬಂದ, ಅಂದರೆ ದ್ವೀಪವನ್ನು ಒಂದು ಸುತ್ತು ಹಾಕಿ. ಕಟ್ಟೆಯ ಮೇಲೆ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ಮಾವ, ಅತ್ತೆ, ಐರಾ, ಕೌಕೋ, ಹೆಲ್ಮಿ ಒಳ್ಳೆಯ ಬಟ್ಟೆ ತೊಟ್ಟು ಕೂತಿದ್ದರು. ಕೌಕೋನೂ ಹೆಲ್ಮಿಯೂ ಕತ್ತಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದರು. ಅವನನ್ನು ಕಯಾಕಿನಿಂದ ಮೂವರು ಸೇರಿ ಬಿಡಿಸಿದರು. ಮೀನನ್ನು ಮೇಜಿನ ನಡುವೆ ಇಟ್ಟರು.

"ಒಳ್ಳೆ ಮೀನು," ಅಂದಳು ಹೆಲ್ಮಿ. "ಕರಡಿ ಮೂತಿ ಹತ್ರ ಸಿಕ್ಕಿರಬೇಕು."

"ಅಲ್ಲೇ," ಅಂದ ಕೌಕೋ.

"ಬಡಪಾಯಿ ಸೊರಗಿಹೋಗಿದೀಯಲ್ಲಪ್ಪ. ಅಷ್ಟು ದೂರ!" ಅಂದರು ಅತ್ತೆ, ಬನ್ನು ಮುಂದಿಡುತ್ತ.

ಬನ್ನು ಬಾಯಿಗೆ ಹೋಗಲಿಲ್ಲ. ಐರಾ ಮೇಜುಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಒಂದು "ಹ್ಞೂ" ಅಂದರೆ ಸಾಕು, ಶರತ್ಕಾಲದ ದೋಣಿ ತನ್ನದು. ಇಡೀ ಊರು ಸುಳ್ಳನ್ನು ತೊಳೆದು ಇಸ್ತ್ರಿ ಮಾಡಿ ಕೈಗೆ ಕೊಟ್ಟಿದೆ, ತೊಟ್ಟುಕೊಂಡರೆ ಆಯಿತು. ತೌನೋ ಎದ್ದು ನಿಂತ.

"ಈ ಮೀನು ನಾನು ಹಿಡಿದಿದ್ದಲ್ಲ. ನಾನೆಲ್ಲೂ ಹೋಗಿಲ್ಲ. ಅಗೋ ಆ ದ್ವೀಪದಲ್ಲಿದ್ದೆ."

ಹೆಲ್ಮಿ ಸಕ್ಕರೆ ಡಬ್ಬಿಯನ್ನು ಸ್ವಲ್ಪ ಸರಿಸಿದಳು.

"ಯಾವ ದ್ವೀಪ?" ಅಂದ ಕೌಕೋ. "ನಾನು ದಿನಾ ಆ ಕಡೆ ಹೋಗಿದ್ನಲ್ಲ. ಯಾರೂ ಇರ್ಲಿಲ್ಲ."

"ಇದ್ದೆ ಮಾರಾಯ! ಬಂಡೆ ಹಿಂದೆ!"

"ಸಂಘದಿಂದ ನಾನೂ ನೋಡಿದೀನಿ," ಅಂದಳು ಹೆಲ್ಮಿ. "ಖಾಲಿ."

"ನನ್ನ ಚಡ್ಡಿ ಒಣಹಾಕಿದ್ನಲ್ರೀ! ಕಿತ್ತಳೆ ಚಡ್ಡಿ! ಅತ್ತೆ, ನೀವೇ ಹೆಣೆದಿದ್ದು!"

"ಅದು ಯಾವುದೋ ಹಕ್ಕಿ ಇರಬೇಕು," ಅಂದರು ಅತ್ತೆ. ಅವರ ಕೆನ್ನೆ ಕೆಂಪಾಗಿತ್ತು. "ಕಾಫಿ ಕುಡಿಯಪ್ಪ, ಆರಿಹೋಗುತ್ತೆ."

"ಹಕ್ಕಿ ಅಲ್ಲ, ಚಡ್ಡಿ!" ತೌನೋನ ದನಿ ಒಡೆಯಿತು. ತನ್ನ ಮಾನ ತಾನೇ ಕಳೆದುಕೊಳ್ಳಲು ಇಷ್ಟು ಕಷ್ಟಪಟ್ಟ ಮನುಷ್ಯ ಆ ದಂಡೆಯಲ್ಲಿ ಹಿಂದೆ ಇರಲಿಲ್ಲ. "ನನಗೆ ಹುಟ್ಟು ಹಾಕೋಕೆ ಬರಲ್ಲ. ಡೇರೆ ಕಟ್ಟೋಕೆ ಬರಲ್ಲ. ಮೀನು ಕಂಡ್ರೆ ಹೆದರಿಕೆ. ಬಲೆ ದೋಣಿಗೆ ಕರೀಲಿ ಅಂತ ಬಾಯಿಗೆ ಬಂದಿದ್ದು ಹೇಳಿದೆ. ನನಗೆ ನಾಚಿಕೆ ಆಗ್ತಿದೆ. ದಯವಿಟ್ಟು ಯಾರಾದ್ರೂ ಒಬ್ರು ನನ್ನ ನೋಡಿದೀನಿ ಅನ್ನಿ!"

ಎಲ್ಲರೂ ಎದುರು ದಡವನ್ನು ನೋಡುತ್ತಿದ್ದರು. ಮುದುಕ ಮಾತ್ರ ಬಟ್ಟಲು ಕೆಳಗಿಟ್ಟು, ಕುರ್ಚಿಯನ್ನೇ ತಿರುಗಿಸಿಕೊಂಡು, ಅಳಿಯನ ಮುಖವನ್ನು ನೇರವಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಇಷ್ಟು ವರ್ಷದಲ್ಲಿ ಅವನ ಕಣ್ಣು ಯಾವ ಬಣ್ಣ ಎಂಬುದು ಅವರಿಗೆ ಅಂದೇ ಮೊದಲು ತಿಳಿದಿರಬೇಕು.

"ನಾನು ನೋಡ್ದೆ," ಅಂದರು. "ನಿನಗೆ ಏನೂ ಬರಲ್ಲ."

"ಇಲ್ಲ ಮಾವ."

"ಸೆಪ್ಟೆಂಬರ್‌ನಲ್ಲಿ ಬಾ. ಹುಟ್ಟು ಮುಟ್ಟಬೇಡ, ಬಲೆ ಮುಟ್ಟಬೇಡ, ಮೀನಂತೂ ಮುಟ್ಟಲೇಬೇಡ."

"ಮತ್ತೆ ನಾನೇನು ಮಾಡ್ಲಿ?"

"ಹಿಂದಿನ ಹಲಗೆ ಮೇಲೆ ಕೂತಿರು. ನಾನು ಮುಂದೆ ಬಗ್ಗಿ ಬಲೆ ಎಳೆದ್ರೆ ದೋಣಿ ಮುಗ್ಗರಿಸುತ್ತೆ. ಹಿಂದೆ ಭಾರಕ್ಕೆ ಇಷ್ಟು ವರ್ಷ ಕಲ್ಲು ಇಡ್ತಿದ್ದೆ."

ತೌನೋ ಕೂತ. ಕಿವಿಯ ತುದಿಯವರೆಗೆ ಕೆಂಪೇರಿತ್ತು. ಒಂದು ಕಲ್ಲಿನ ಜಾಗ ತನಗೆ ಸಿಕ್ಕಿತು ಎಂದು ಹೆಲ್ಸಿಂಕಿಯಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಐರಾ ಮೇಜಿನ ಕೆಳಗೆ ಅವನ ಕೈ ಹಿಡಿದಳು. ಅವನು ತಲೆ ತಗ್ಗಿಸಿಕೊಂಡೇ ಕೇಳಿದ:

"ಮಾವ, ಕಲ್ಲು ಎಷ್ಟು ದೊಡ್ಡದಿತ್ತು?"

"ನಿನಗಿಂತ ಚಿಕ್ಕದು," ಅಂದರು ಈಸಕ್ಕಿ. "ಆದ್ರೆ ಅದು ಮಾತಾಡ್ತಿರಲಿಲ್ಲ."